ಹದಿನಾಲ್ಕನೇ ತಾರೀಖಿನ ಗೆರೆ

ಮೊಳೆ, ಗೋಡೆಯಲ್ಲಿ ಬರೀ ಮೊಳೆ, ಏನೂ ತೂಗುಹಾಕದ ಮೊಳೆ ಇಷ್ಟು ದೊಡ್ಡದಾಗಿ ಕಾಣುತ್ತದೆಂದು ಅವಳಿಗೆ ಗೊತ್ತಿರಲಿಲ್ಲ, ಅದರ ಕೆಳಗೆ ಗೋಡೆಗುಂಟ ಇಳಿದ ಬಿಳಿ ಪುಡಿಯನ್ನು ಒರೆಸಬೇಕಿತ್ತು, ಬೆಳಿಗ್ಗೆ ಆರಕ್ಕೇ ಬಂದು ಎಲ್ಲ ಒರೆಸಿಯಾಯಿತು, ಕುರ್ಚಿಯ ಕಾಲು, ಬಾಗಿಲ ಹಿಡಿ, ಫ್ಯಾನಿನ ರೆಕ್ಕೆ, ಈ ಪುಡಿಯೊಂದು ಉಳಿಯಿತು — ಡಾಕ್ಟರು ಹೋದ ವಾರವೇ ಮೊಳೆ ಹೊಡೆಸಿದ್ದರು, ಗುಣಮಟ್ಟದ ಪ್ರಮಾಣಪತ್ರ ಬಂದಮೇಲೆ ಅದಕ್ಕೊಂದು ಜಾಗ ಬೇಡವೇ, ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರಂತೆ ಎಂದು ನರ್ಸಮ್ಮ ಹಿಂದಿನಿಂದ ಗೊಣಗಿದ್ದರು, ನಗು ಬಂದಿತ್ತು, ನಕ್ಕಿರಲಿಲ್ಲ, ಕುಲಾವಿ ಎಂದ ಕೂಡಲೇ ಹೊಲಿಗೆ, ಹೊಲಿಗೆ ಎಂದ ಕೂಡಲೇ ಚಿಕ್ಕಮ್ಮ, ಚಿಕ್ಕಮ್ಮ ಎಂದ ಕೂಡಲೇ ಆ ಹೆಬ್ಬೆರಳು, ಈಚೆಗೆ ಯಾವ ದಾರಿ ಹಿಡಿದರೂ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಒಳಗೆ ಡ್ರೆಸಿಂಗ್ ಕೋಣೆಯಲ್ಲಿ ತಪಾಸಣೆಯವರ ಬೂಟು ಕಿರ್ ಕಿರ್ ಎನ್ನುತ್ತಿದೆ, ನೆಲ ಇನ್ನೂ ಒದ್ದೆ, ಒಂದು ಮುಚ್ಚಳ ಫಿನಾಯಿಲು ಹಾಕಬೇಕಾದಲ್ಲಿ ಆಯಾ ಅರ್ಧ ಬಾಟಲಿ ಸುರಿದಿದ್ದಾಳೆ, ಕಣ್ಣು ಉರಿಯುತ್ತದೆ, ಒಳ್ಳೆಯದೇ ಆಯಿತು, ಕಣ್ಣು ಯಾಕೆ ಕೆಂಪಗಿದೆ ಎಂದು ಯಾರಾದರೂ ಕೇಳಿದರೆ ಫಿನಾಯಿಲು ಎನ್ನಬಹುದು. ಹಳದಿ ಬುಟ್ಟಿ, ಕೆಂಪು ಬುಟ್ಟಿ, ನೀಲಿ ಬುಟ್ಟಿ — ನಿನ್ನೆ ಸಂಜೆ ಬಂದವು, ಕೆಂಪಿನ ತಳದಲ್ಲಿ ಅಂಗಡಿಯ ಚೀಟಿ ಹಾಗೇ ಅಂಟಿದೆ, ಯಾವುದರಲ್ಲಿ ಸಿರಿಂಜು ಯಾವುದರಲ್ಲಿ ರಕ್ತದ ಹತ್ತಿ ಎಂದು ನರ್ಸಮ್ಮ ಬೆಳಗಿನಿಂದ ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿಕೊಳ್ಳುತ್ತಿದ್ದರು. ಬೆಂಕಿ ಆರಿಸುವ ಸಿಲಿಂಡರು ಪಕ್ಕದ ಮುದ್ರಣಾಲಯದ್ದು, ಸಂಜೆ ವಾಪಸು ಕೊಡಬೇಕು, ಅಲ್ಲಿಯವರೆಗೆ ಅವರ ಕಾಗದಕ್ಕೆ ಕಿಡಿ ಬೀಳದಿದ್ದರೆ ಸಾಕು. ಅವಧಿ ಮುಗಿದ ಔಷಧಿಯ ಎರಡು ಪೆಟ್ಟಿಗೆ ಡಾಕ್ಟರ ಕಾರಿನ ಡಿಕ್ಕಿಯಲ್ಲಿವೆ, ಕಾರು ಹಿಂದಿನ ಬೀದಿಯಲ್ಲಿದೆ, ಡಾಕ್ಟರು ಮಾತ್ರ ಇಲ್ಲಿದ್ದಾರೆ, ಎಂದೂ ಹಾಕದ ಬಿಳಿ ಕೋಟಿನಲ್ಲಿ, ಮಡಿಕೆಯ ಗೆರೆ ಬೆನ್ನ ಮೇಲೆ ಹಾಗೇ ಉಳಿದು, ಹೆಣ್ಣು ನೋಡಲು ಹೊರಟ ಗಂಡಿನ ಹಾಗೆ.

ಮೇಜಿನ ಮೇಲೆ ಐದು ರಿಜಿಸ್ಟರು, ಒಂದರ ಮೇಲೊಂದು, ಮೂರನೆಯದು ಹಸಿರು ರಟ್ಟಿನದು, ಅದನ್ನು ಮೇಲಿಡಲೇ ಕೆಳಗಿಡಲೇ ಎಂದು ಮೂರು ಸಲ ಬದಲಾಯಿಸಿ ಮತ್ತೆ ಮೂರನೆಯದಾಗಿಯೇ ಇಟ್ಟಿದ್ದಾಳೆ, ನಡುವಿನದನ್ನು ಯಾರೂ ಸರಿಯಾಗಿ ನೋಡುವುದಿಲ್ಲ — ನೋಡಲಿ ಎಂದೇ ಅಲ್ಲವೇ ಅದೊಂದನ್ನು ಹಾಗೆ ಬಿಟ್ಟಿದ್ದು, ಹಾಗಾದರೆ ಮೇಲಿಡಬೇಕಿತ್ತು, ಧೈರ್ಯ ಸಾಲಲಿಲ್ಲ, ಧೈರ್ಯ ಇದ್ದಿದ್ದರೆ ಬಾಯಿಬಿಟ್ಟೇ ಹೇಳಬಹುದಿತ್ತು. ನರ್ಸಮ್ಮ ಅವಳಿಗೆ ಇಟ್ಟ ಹೆಸರು ಮೂಗಿ, ನಮ್ಮ ಮೂಗಿ ಬಾಯಿ ಬಿಟ್ರೆ ಮುತ್ತು ಉದುರಿಹೋಗುತ್ತೆ, ಆಮೇಲೆ ಗುಡಿಸೋರು ಯಾರು. ಪದವಿ ಮುಗಿಸಿ ಎರಡು ವರ್ಷ ಅವಳು ಸಂದರ್ಶನಗಳಿಗೆ ಹೋಗಿದ್ದಾಳೆ, ಮೇಜಿನ ಆಚೆಯವರು ಕೇಳಿದ್ದಕ್ಕೆ ಉತ್ತರ ಗೊತ್ತಿದ್ದೂ ಗಂಟಲಲ್ಲೇ ಕೂತು, ವಾಪಸು ಬರುವ ಬಸ್ಸಿನಲ್ಲಿ ಪೂರ್ತಿ ಉತ್ತರ ವಾಕ್ಯ ವಾಕ್ಯವಾಗಿ ಎದ್ದುಬಂದು, ಮನೆಗೆ ಬಂದು ಅದನ್ನು ಡೈರಿಯಲ್ಲಿ ಬರೆದು ಮಲಗುತ್ತಿದ್ದಳು, ಡೈರಿ ಯಾರಿಗೂ ಕೆಲಸ ಕೊಡುವುದಿಲ್ಲ, ಡಾಕ್ಟರು ಕೊಟ್ಟರು, ಚಿಕ್ಕಮ್ಮ ಕೈಹಿಡಿದು ಕರೆತಂದು ನಿಲ್ಲಿಸಿದ್ದಳು, ನಮ್ಮ ಅಕ್ಕನ ಮಗಳು ಡಾಕ್ಟ್ರೇ, ತಾಯಿ ಇಲ್ಲದ ಮಗು, ಮಾತು ಕಮ್ಮಿ, ಅಕ್ಷರ ನೋಡಿ ನೀವು, ಅಕ್ಷರ ನೋಡಿ ಆಮೇಲೆ ಹೇಳಿ. ಡಾಕ್ಟರು ನೋಡಿದರು, ಮುತ್ತು ಪೋಣಿಸಿದ ಹಾಗಿದೆ ಎಂದರು, ಬಾಯಿಂದ ಉದುರದ ಮುತ್ತೆಲ್ಲ ಕೈಯಲ್ಲಿ ಇತ್ತು, ಮಾರನೆಯ ದಿನದಿಂದ ಟೋಕನ್ ಕೊಡುವುದು, ಹೆಸರು ಬರೆಯುವುದು, ಹೆಸರು ಕೂಗುವುದು — ಕೂಗಲು ಬರುತ್ತಿರಲಿಲ್ಲ, ಎದ್ದುಹೋಗಿ ಮೆಲ್ಲಗೆ ಭುಜ ಮುಟ್ಟುತ್ತಿದ್ದಳು, ರೋಗಿಗಳಿಗೆ ಅದೇ ಇಷ್ಟವಾಯಿತು, ಈ ಹುಡುಗಿ ಎಷ್ಟು ವಿನಯ ನೋಡಿ, ವಿನಯವಂತೆ, ಹೆದರಿಕೆಗೆ ಜನ ಎಂಥೆಂಥ ಚೆಂದದ ಹೆಸರಿಡುತ್ತಾರೆ.

ತಪಾಸಣೆಯ ಪಟ್ಟಿ ಬಂದದ್ದು ಹನ್ನೆರಡು ಪುಟ, ಗುಣಮಟ್ಟ ಮತ್ತು ಸುರಕ್ಷತೆ ಎಂದು ಮೇಲೆ ದಪ್ಪಕ್ಷರ, ಡಾಕ್ಟರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಓದಿ, ಇದನ್ನೆಲ್ಲ ಮಾಡ್ತಾ ಕೂತ್ರೆ ರೋಗಿ ನೋಡೋದು ಯಾವಾಗ ಎಂದಿದ್ದರು, ತಪ್ಪೇನಲ್ಲ, ಬಾಗಿಲಾಚೆ ಮೂವತ್ತು ಜನ ಕೆಮ್ಮುತ್ತಿದ್ದರು, ಅವರೆಲ್ಲ ಬರುವುದು ಡಾಕ್ಟರ ಕೈಗುಣ ನಂಬಿ, ಅವರು ನಾಡಿ ಮುಟ್ಟಿದರೆ ಅರ್ಧ ಜ್ವರ ಇಳಿಯುತ್ತೆ ಎನ್ನುತ್ತದೆ ಬೀದಿ, ಕೈಗುಣ, ಆ ಹನ್ನೆರಡು ಪುಟದಲ್ಲಿ ಅದೊಂದಕ್ಕೆ ಮಾತ್ರ ಕಲಮು ಇರಲಿಲ್ಲ. ಏಳನೆಯ ಪುಟದಲ್ಲಿ ಕುಕ್ಕರು — ಕತ್ತರಿ, ಚಿಮಟ, ಕೊಯ್ಯುವ ಅಲಗಿನ ಹಿಡಿ ಎಲ್ಲವನ್ನೂ ಹಬೆಯಲ್ಲಿ ಬೇಯಿಸಿ ಸೋಂಕು ಕೊಲ್ಲುವ ಯಂತ್ರ, ಅದರ ದೊಡ್ಡ ಹೆಸರನ್ನು ಇಲ್ಲಿ ಯಾರೂ ಹೇಳುವುದಿಲ್ಲ, ನೋಡಲು ಮದುವೆಮನೆಯ ಕುಕ್ಕರಿನ ಹಾಗೇ ಇದೆ, ಗ್ಯಾಸ್ಕೆಟ್ಟೂ ಇದೆ, ಸೀಟಿಯೂ ಇದೆ. ಪ್ರತಿದಿನ ಸಾಮಾನಿನ ಜೊತೆ ಒಳಗೆ ಒಂದು ತುಂಡು ಕಾಗದದ ಟೇಪು ಇಡಬೇಕು, ಟೇಪಿನ ಮೇಲೆ ನಸುಹಳದಿ ಓರೆ ಗೆರೆಗಳಿರುತ್ತವೆ, ಹಬೆ ಸಾಕಷ್ಟು ಬಿಸಿಯಾಗಿ ಸಾಕಷ್ಟು ಹೊತ್ತು ನಿಂತರೆ ಗೆರೆ ಕಪ್ಪಾಗುತ್ತದೆ, ಇಲ್ಲದಿದ್ದರೆ ಇಲ್ಲ, ಆ ತುಂಡನ್ನು ತಾರೀಖು ಹಾಕಿ ರಿಜಿಸ್ಟರಿನಲ್ಲಿ ಅಂಟಿಸಬೇಕು, ಆರು ತಿಂಗಳದ್ದು ತೋರಿಸಬೇಕು, ಮೊದಲ ಸಲ ಓದಿದಾಗ ಅವಳಿಗೆ ಆ ಟೇಪಿನ ಮೇಲೆ ಅಕ್ಕರೆ ಹುಟ್ಟಿತ್ತು, ಮಾತಾಡುವುದಿಲ್ಲ, ಕೂಗುವುದಿಲ್ಲ, ಆದರೆ ಆಗದ್ದನ್ನು ಆಯಿತು ಎನ್ನುವುದಿಲ್ಲ. ಇಲ್ಲಿ ಟೇಪಿನ ಸುರುಳಿಯನ್ನು ತಂದವರೇ ಇರಲಿಲ್ಲ, ಅದಿರಲಿ, ನಾಲ್ಕು ತಿಂಗಳ ಹಿಂದೆ ಗ್ಯಾಸ್ಕೆಟ್ ಸೀಳಿತು, ಹಬೆಯೆಲ್ಲ ಬದಿಯಿಂದ ಬುಸುಗುಟ್ಟಿ ಹೊರಗೆ, ನರ್ಸಮ್ಮ ಹೇಳಿದರು, ಡಾಕ್ಟರು ಮುಂದಿನ ವಾರ ಎಂದರು, ಮುಂದಿನ ವಾರ ಎನ್ನುವುದು ಈ ಕ್ಲಿನಿಕ್ಕಿನಲ್ಲಿ ಒಂದು ವಾರದ ಹೆಸರಲ್ಲ, ಅಲ್ಲಿಯವರೆಗೆ ಸ್ಟೀಲಿನ ಪಾತ್ರೆಯಲ್ಲಿ ಕುದಿಸಿ, ನಂಗೆ ಡಾಕ್ಟರಿ ಕಲಿಸಿದ ಮೇಷ್ಟ್ರು ನಲವತ್ತು ವರ್ಷ ಕುದಿಸಿದ ಕತ್ತರೀಲೇ ಊರು ಸಾಕಿದ್ರು ಎಂದರು. ತಪಾಸಣೆಯ ದಿನ ಗೊತ್ತಾದ ಮೇಲೆ ಮುಂದಿನ ವಾರ ಎರಡೇ ದಿನದಲ್ಲಿ ಬಂತು, ಹೊಸ ಗ್ಯಾಸ್ಕೆಟ್ಟೂ ಬಂತು, ಟೇಪಿನ ಸುರುಳಿಯೂ ಬಂತು, ಕ್ಲಿನಿಕ್ಕಿನ ಕತ್ತರಿ ಮೊಂಡು ಎಂದು ಅವಳು ಮನೆಯಿಂದ ಚಿಕ್ಕಮ್ಮನ ದಾರ ಕತ್ತರಿಸುವ ಪುಟ್ಟ ಕತ್ತರಿ ತಂದಳು, ಒಂದೊಂದು ತುಂಡಿಗೆ ಮೂರು ಮೂರು ಗೆರೆ, ಅಳತೆಗೆ ಕತ್ತರಿಸುವುದು ಅವಳಿಗೆ ಎಳವೆಯಿಂದ ಬಂದದ್ದು, ನೂರೈವತ್ತೆರಡು ತುಂಡು, ಭಾನುವಾರ ಬಿಟ್ಟು, ರಜೆ ಬಿಟ್ಟು, ಯಾವ ದಿನ ಕ್ಲಿನಿಕ್ ಮುಚ್ಚಿತ್ತು ಯಾವ ದಿನ ಕರೆಂಟು ಇರಲಿಲ್ಲ ಎಂದು ತನ್ನ ಡೈರಿ ತೆಗೆದು ನೋಡಿ ನೋಡಿ, ನಿಜ ಬರೆದಿಟ್ಟುಕೊಂಡಿದ್ದರಿಂದಲೇ ಸುಳ್ಳು ಇಷ್ಟು ಅಚ್ಚುಕಟ್ಟಾಯಿತು. ಎಲ್ಲವನ್ನೂ ಒಂದು ಬಟ್ಟಲಿಗೆ ಹಾಕಿ ಕುಕ್ಕರಿನಲ್ಲಿಟ್ಟರು, ಆರು ತಿಂಗಳ ಅಡುಗೆ ಒಂದೇ ಸೀಟಿಗೆ ನೋಡೇ ಮೂಗಿ, ನಿಮ್ಮ ಚಿಕ್ಕಮ್ಮನೂ ಇಷ್ಟು ಬೇಗ ಅಡುಗೆ ಮುಗಿಸಲ್ಲ. ಮುಚ್ಚಳ ತೆಗೆದಾಗ ಬೇಸಿಗೆಯ ದಿನಗಳೂ ಮಳೆಗಾಲದ ದಿನಗಳೂ ಒಟ್ಟಿಗೆ ಕರ್ರಗೆ ಬೆಂದು ಬಿದ್ದಿದ್ದವು, ಅವಳು ಸಂಜೆಯವರೆಗೆ ಅಂಟಿಸಿದಳು, ಕೆಲವಕ್ಕೆ ನೀಲಿ ಶಾಯಿ, ಕೆಲವಕ್ಕೆ ಕಪ್ಪು, ಸೋಮವಾರಗಳಲ್ಲಿ ರೋಗಿಗಳು ಜಾಸ್ತಿಯಲ್ಲವೇ, ಸೋಮವಾರದ ಅಕ್ಷರವನ್ನು ಸ್ವಲ್ಪ ಅವಸರದ ಅಕ್ಷರ ಮಾಡಿದಳು, ಯಾರೂ ಹೇಳಿಕೊಟ್ಟಿರಲಿಲ್ಲ, ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ, ಕೊಟ್ಟ ಸುಳ್ಳಿಗೆ ತಾನಾಗಿ ಅಂಚು ಹೊಲಿದು ಕೊಟ್ಟಿದ್ದಾಳೆ. ಎಣಿಸಿದರೆ ಬೆಂದದ್ದು ನೂರೈವತ್ತೊಂದು. ಒಂದು ತುಂಡು ಮೇಜಿನ ಮೇಲೆಯೇ ಉಳಿದಿತ್ತು, ಸುರುಳಿಯ ತುದಿಯ ಮೊದಲ ತುಂಡು, ಕತ್ತರಿ ಓರೆಯಾಗಿ ಬಿದ್ದು ಮೂರನೆಯ ಗೆರೆ ಅರ್ಧವೇ ಬಂದಿತ್ತು, ಎರಡೂವರೆ ಗೆರೆ, ನಸುಹಳದಿ — ಉಳಿಯಿತೋ, ಉಳಿಸಿದಳೋ, ಡೈರಿಯಲ್ಲಿ ಕೂಡ ಅದನ್ನು ಬರೆದಿಲ್ಲ, ಅಂಟಿಸಿದ್ದು ಮಾತ್ರ ತಿಳಿದೇ ಅಂಟಿಸಿದ್ದು, ಮೂರು ತಿಂಗಳ ಹಿಂದಿನ ಹದಿನಾಲ್ಕನೇ ತಾರೀಖಿಗೆ.

ಹದಿನಾಲ್ಕು, ಬುಧವಾರ, ಡೈರಿ ನೋಡಬೇಕಿಲ್ಲ. ಚಿಕ್ಕಮ್ಮನಿಗೆ ಬಲಗೈ ಹೆಬ್ಬೆರಳಲ್ಲಿ ಉಗುರುಸುತ್ತು, ನಾಲ್ಕು ದಿನದಿಂದ ಬೆರಳನ್ನು ಎತ್ತಿ ಹಿಡಿದುಕೊಂಡೇ ಓಡಾಡುತ್ತಿದ್ದಳು, ಯಾರಿಗೋ ಹೆಬ್ಬೆಟ್ಟು ತೋರಿಸಿ ಅಣಕಿಸುವ ಹಾಗೆ, ಶಾಲೆ ಶುರುವಾಗುವ ಕಾಲ, ನೂರಾರು ಅಂಗಿ, ಕಾಜಾ ಹಾಕುವ ಯಂತ್ರ ಬಂದು ಎಷ್ಟೋ ಕಾಲವಾದರೂ ಗುಂಡಿಯ ಕಾಜಾ ಮಾತ್ರ ಚಿಕ್ಕಮ್ಮನದೇ ಆಗಬೇಕು ಎನ್ನುವ ಅಂಗಡಿಗಳಿವೆ, ದಾರ ಎಳೆದು, ಹೆಬ್ಬೆರಳಿಂದ ಒತ್ತಿ, ಗಂಟಿನ ಪಕ್ಕ ಗಂಟು, ಒಂದೂ ಗೆರೆ ದಾಟುವುದಿಲ್ಲ. ಬಾ ಚಿಕ್ಕಮ್ಮ, ನಮ್ಮ ಡಾಕ್ಟ್ರು ಎರಡು ನಿಮಿಷದಲ್ಲಿ ಕೊಯ್ದು ಕೀವು ತೆಗೀತಾರೆ — ಹೇಳಿದ್ದು ಅವಳೇ, ಕರೆತಂದಿದ್ದು ಅವಳೇ, ಗ್ಯಾಸ್ಕೆಟ್ ಸೀಳಿದ್ದು ಅವಳಿಗೆ ಗೊತ್ತಿತ್ತು, ಗೊತ್ತಿತ್ತು, ಆದರೆ ಕುದಿಸುತ್ತಾರಲ್ಲ ಎಂದುಕೊಂಡಿದ್ದಳು. ಸರದಿಯ ಪ್ರಕಾರ ಚಿಕ್ಕಮ್ಮನ ಟೋಕನ್ ಹನ್ನೊಂದು. ಬೆಂಚಿನಲ್ಲಿ ಕೂತು ಬೆರಳಿಗೆ ಊದಿಕೊಳ್ಳುತ್ತಿದ್ದದ್ದನ್ನು ನೋಡಲಾಗಲಿಲ್ಲ, ಜೀವಮಾನದಲ್ಲಿ ಒಂದೇ ಒಂದು ಸಲ ಧೈರ್ಯ ಮಾಡಿದಳು, ಹನ್ನೊಂದನ್ನು ಕಿತ್ತುಕೊಂಡು ಮೂರು ಕೊಟ್ಟಳು, ತನ್ನ ಕೈಯಲ್ಲಿದ್ದ ಅಧಿಕಾರ ಅದೊಂದೇ, ತನ್ನವರಿಗಾಗಿ ಅಷ್ಟೂ ಮಾಡದಿದ್ದರೆ ಹೇಗೆ. ಎರಡನೇ ಟೋಕನ್ನಿನವನು ಗ್ಯಾರೇಜಿನ ಮೆಕ್ಯಾನಿಕ್ಕು, ಕತ್ತಿನ ಹಿಂದೆ ನಿಂಬೆಹಣ್ಣಿನಷ್ಟು ಕುರು, ಕೊಯ್ದರು, ಕೋಣೆಯೆಲ್ಲ ನಾರಿತು, ಅವನು ಹೊರಗೆ, ಚಿಕ್ಕಮ್ಮ ಒಳಗೆ, ನಡುವೆ ಪಾತ್ರೆಯ ನೀರು ಕುದಿಯಲು ಬೇಕಾದ ಇಪ್ಪತ್ತು ನಿಮಿಷ ಇರಬೇಕಿತ್ತು, ಮೂರರಿಂದ ಹತ್ತರವರೆಗೆ ಎಲ್ಲ ಬರೀ ಕೆಮ್ಮು ಜ್ವರದವರು, ಸರದಿ ಬಿಟ್ಟಿದ್ದರೆ ಆ ಇಪ್ಪತ್ತು ನಿಮಿಷ ತಾನಾಗಿ ಸಿಗುತ್ತಿತ್ತು, ಎಷ್ಟು ಸಲ ಎಣಿಸಿದ್ದಾಳೆ, ಪ್ರತಿಸಲವೂ ಸಿಗುತ್ತಿತ್ತು. ಬಾಗಿಲ ಸಂದಿಯಿಂದ ಕಂಡದ್ದು — ಅದೇ ತಟ್ಟೆ, ಅದೇ ಅಲಗಿನ ಹಿಡಿ, ಅದೇ ಚಿಮಟ, ನಲ್ಲಿಯ ಕೆಳಗೆ ಹಿಡಿದು, ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ, ನರ್ಸಮ್ಮ ಇವಳ ಕಣ್ಣು ಕಂಡು, ನಿಮ್ಮ ಚಿಕ್ಕಮ್ಮ ಅಂತಾನೇ ಬೇಗ ಮಾಡ್ತಿರೋದು, ಸ್ಪಿರಿಟ್ ಹಾಕಿ ಒರೆಸಿದೀನಿ, ಸಾಕು. ಬೇಡ ಎನ್ನುವುದು ಎರಡು ಅಕ್ಷರ. ಮುಂದಿನ ಟೋಕನ್ನಿನವರ ಹೆಸರು ಬರೆಯಲು ಮೇಜಿಗೆ ಬಂದು ಕೂತಳು. ಆಮೇಲಿನದು ಬೇಗ ಬೇಗ — ಐದನೇ ದಿನಕ್ಕೆ ಅಂಗೈ ಊದಿತು, ಹತ್ತನೇ ದಿನಕ್ಕೆ ದೊಡ್ಡಾಸ್ಪತ್ರೆ, ಅಲ್ಲಿಯ ಡಾಕ್ಟರಮ್ಮ ಎಲುಬಿಗೆ ಇಳಿದಿದೆ ಎಂದರು, ಯಾರು ಕೊಯ್ದಿದ್ದು ಇದನ್ನ, ಯಾವುದ್ರಲ್ಲಿ ಕೊಯ್ದಿದ್ದು ಎಂದು ಕೇಳಿದರು, ಚಿಕ್ಕಮ್ಮ ಆ ನೋವಿನಲ್ಲೂ, ಅವರದೇನೂ ಇಲ್ಲಮ್ಮ, ಕೈಗುಣ ಬಹಳ ಒಳ್ಳೇದು ಅವರದು, ನಾನೇ ಪಾತ್ರೆ ತೊಳೆದು ನೀರು ಮುಟ್ಟಿದೆ ಎಂದಳು. ಹೆಬ್ಬೆರಳಿನ ಮೇಲಿನ ಗೆಣ್ಣು ಹೋಯಿತು. ಕಟ್ಟು ಬಿಚ್ಚಿದ ದಿನ ಚಿಕ್ಕಮ್ಮ ಸೂಜಿ ಹಿಡಿಯಲು ನೋಡಿದಳು, ಸೂಜಿ ಜಾರಿತು, ಮತ್ತೆ ಹಿಡಿದಳು, ಜಾರಿತು, ನಕ್ಕಳು, ನೋಡೇ ಪುಟ್ಟಿ, ಇಷ್ಟು ವರ್ಷ ಹಿಡಿದ ಸೂಜಿಗೆ ನನ್ನ ಗುರುತೇ ಸಿಕ್ತಿಲ್ಲ. ಬೆರಳಿಗೆ ಹಾಕುವ ತಗಡಿನ ಟೋಪಿಯನ್ನು ಆ ಮೋಟಿಗೆ ಹಾಕಿ ನೋಡಿದಳು, ಅದೂ ನಿಲ್ಲಲಿಲ್ಲ, ನೆಲಕ್ಕೆ ಬಿದ್ದು ಟಿಣ್ ಎಂದು ಹೊಲಿಗೆ ಮೆಷಿನ್ನಿನ ಕೆಳಗೆ ಉರುಳಿಹೋಯಿತು, ಇನ್ನೂ ಅಲ್ಲೇ ಇದೆ, ಗುಡಿಸುವಾಗ ಪೊರಕೆಗೆ ಸಿಗುತ್ತದೆ, ಮತ್ತೆ ಒಳಕ್ಕೆ ತಳ್ಳುತ್ತಾಳೆ.

ಕಿರ್ ಕಿರ್ ಬೂಟು ಈಗ ಹೊರಗಿನ ಬೆಂಚಿನ ಹತ್ತಿರ, ರೋಗಿಗಳ ಅಭಿಪ್ರಾಯ ಎನ್ನುವುದು ಹತ್ತನೇ ಪುಟ, ಡಾಕ್ಟರು ಅದಕ್ಕೂ ತಯಾರಾಗಿದ್ದರು, ಆರಿಸಿ ಕರೆಸಿದ ಐದು ಜನ, ಮೊನ್ನೆ ಅವಳನ್ನು ಕರೆದು, ನಿಮ್ಮ ಚಿಕ್ಕಮ್ಮನ್ನೂ ಕರ್ಕೊಂಡು ಬಾಮ್ಮ, ಪಾಪ ಅವರಿಗೆ ನಮ್ಮ ಮೇಲೆ ಎಷ್ಟು ಅಭಿಮಾನ, ನಾಲ್ಕು ಮಾತು ಹೇಳ್ಲಿ — ಕಣ್ಣಲ್ಲಿ ಕಣ್ಣಿಟ್ಟೇ ಹೇಳಿದರು, ಗೊತ್ತಿಲ್ಲದವರು ಹಾಗೆ ಹೇಳಬಲ್ಲರು, ಗೊತ್ತಿದ್ದು ಮರೆತವರೂ ಹಾಗೆ ಹೇಳಬಲ್ಲರು, ಡಾಕ್ಟರು ಯಾವ ಬಗೆ ಎಂದು ಅವಳಿಗೆ ಈವರೆಗೂ ತಿಳಿದಿಲ್ಲ, ತನ್ನದು ಯಾವ ಬಗೆ ಎಂದು ಮಾತ್ರ ಚೆನ್ನಾಗಿ ತಿಳಿದಿದೆ. ಚಿಕ್ಕಮ್ಮ ಬೆಳಿಗ್ಗೆ ಇಸ್ತ್ರಿ ಸೀರೆ ಉಟ್ಟು, ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಬಂದಿದ್ದಾಳೆ, ಈಚೆಗೆ ಎಲ್ಲಿ ಹೋದರೂ ಹಾಗೇ, ಕದ್ದ ವಸ್ತು ಇಟ್ಟುಕೊಂಡ ಹಾಗೆ. ಹೇಗಿದೆಯಮ್ಮ ಇಲ್ಲಿ ನೋಡ್ಕೊಳ್ಳೋದು ಎಂದು ತಪಾಸಣೆಯವರು ಕೇಳುವುದು ಕೇಳಿಸುತ್ತದೆ, ಚಿಕ್ಕಮ್ಮನ ದನಿ, ಅಯ್ಯೋ ದೇವರಂಥೋರು ಸಾರ್, ಇಪ್ಪತ್ತು ವರ್ಷದಿಂದ ನಮ್ಮನೇಲಿ ಎಲ್ಲರಿಗೂ ಇವರೇ, ಕೈಗೇನಾಯ್ತು ಎಂದು ಅವರು ಕೇಳಿರಬೇಕು, ಅದು ನಂದೇ ತಪ್ಪು ಸಾರ್, ನೀರು ಮುಟ್ಟಬೇಡ ಅಂದಿದ್ರು, ಹೆಂಗಸಿಗೆ ನೀರು ಮುಟ್ಟದೆ ಆಗುತ್ತಾ, ಮುಟ್ಟಿದೆ, ಅನುಭವಿಸಿದೆ. ಕಾಗದದ ಮೇಲೆ ಪೆನ್ನು ಓಡುವ ಸದ್ದು. ಇಂಥ ಮಾತಿಗೂ ಒಂದು ಗುರುತು ಬೀಳುತ್ತದೆ ಪಟ್ಟಿಯಲ್ಲಿ, ಸರಿ ಎಂದು. ಅವಳಿಗೆ ಎದ್ದುಹೋಗಬೇಕು, ಚಿಕ್ಕಮ್ಮಾ, ಅದು ನೀರಲ್ಲ ಎನ್ನಬೇಕು, ನೀರಲ್ಲ ಎಂದರೆ ಮತ್ತೇನು ಎನ್ನುತ್ತಾಳೆ, ತಟ್ಟೆ ಎನ್ನಬೇಕು, ತಟ್ಟೆ ನಿನಗೆ ಹೇಗೆ ಗೊತ್ತು, ಬಾಗಿಲ ಸಂದಿಯಿಂದ ಕಂಡೆ, ಕಂಡು — ಇಲ್ಲಿ ಬಂದು ಎಲ್ಲ ವಾಕ್ಯವೂ ಮುರಿಯುತ್ತದೆ, ಡಾಕ್ಟರ ತಪ್ಪು ಹೇಳಹೊರಟರೆ ಚಿಕ್ಕಮ್ಮನ ಮುಂದೆ ನಿಲ್ಲುವುದು ಡಾಕ್ಟರಲ್ಲ, ಪುಟ್ಟಿ, ಅದಕ್ಕೇ ಆ ಎರಡೂವರೆ ಗೆರೆ, ತನ್ನ ಬದಲು ಅದು ಹೇಳಲಿ, ಯಾರೋ ಹೊರಗಿನವರು ಬೆರಳಿಟ್ಟು ಇದು ಯಾಕಮ್ಮ ಹೀಗೆ ಎಂದು ಕೇಳಲಿ, ಒಮ್ಮೆ ಕೇಳಿದರೆ ಸಾಕು, ಕೇಳಿದ್ದಕ್ಕೆ ಉತ್ತರ ಕೊಡುವಷ್ಟು ಬಾಯಿ ಇರಬಹುದು ತನಗೆ.

ಬಂದರು. ಬೂಟು ಮೇಜಿನ ಮುಂದೆ ನಿಂತಿತು, ಒಳ್ಳೆಯ ಮುಖ, ಮನೆಯಲ್ಲಿ ಮೊಮ್ಮಕ್ಕಳಿರುವವರ ಮುಖ, ಕೂತುಕೊಂಡು ಕನ್ನಡಕ ಒರೆಸಿಕೊಂಡು, ಎಲ್ಲ ಬರೆದಿಟ್ಟಿದ್ದೀರ ಅಲ್ವಾ, ನಮ್ಮದು ಇಷ್ಟೇ ನೋಡಮ್ಮ, ಬರೆದಿದ್ರೆ ಆಗಿದೆ, ಬರೀದಿದ್ರೆ ಆಗಿಲ್ಲ, ಎಂದು ಮೊದಲನೆಯ ರಿಜಿಸ್ಟರು ತೆರೆದರು, ಸಹಿ, ಎರಡನೆಯದು, ಸಹಿ, ಡಾಕ್ಟರು ಅವರ ಹೆಗಲ ಹಿಂದೆ ನಿಂತು ಪೆನ್ನಿನ ತಲೆ ಒತ್ತುತ್ತಿದ್ದಾರೆ, ಟಿಕ್ ಟಿಕ್, ನರ್ಸಮ್ಮ ಬಾಗಿಲಿಗೆ ಒರಗಿದ್ದಾರೆ, ಹಸಿರು ರಟ್ಟು. ಅಕ್ಷರ ಯಾರದು, ನಿಮ್ದಾ, ಬಹಳ ಚೆನ್ನಾಗಿದೆ, ಇಷ್ಟು ಚೊಕ್ಕವಾದ ರಿಜಿಸ್ಟರ್ ನಾನು ಈ ವರ್ಷ ನೋಡಿಲ್ಲ, ಪುಟ ತಿರುಗುತ್ತದೆ, ಕಪ್ಪು ಕಪ್ಪು ಕಪ್ಪು, ಅವರ ಬೆರಳು ಅಂಚಿನಲ್ಲಿ ಇಳಿಯುತ್ತದೆ, ಪೂರ್ತಿ ಬೆರಳು, ಉಗುರು ಕತ್ತರಿಸಿದ ಶುಭ್ರ ಬೆರಳು, ಪುಟ ತಿರುಗುತ್ತದೆ, ಆ ತಿಂಗಳು, ಹನ್ನೊಂದು ಹನ್ನೆರಡು ಹದಿಮೂರು, ದಾಟಿತು, ಹದಿನೈದು, ಹದಿನಾರು, ದಾಟಿಯೇ ಹೋಯಿತು, ಎದೆಯಲ್ಲಿ ಏನೋ ಹಗುರಾಯಿತು, ಆ ಹಗುರವೇ ಅಸಹ್ಯ, ಸದ್ಯ ಎಂದುಕೊಂಡವಳು ಯಾರು ಅವಳೊಳಗೆ — ಬೆರಳು ಹಿಂದಕ್ಕೆ ಬಂತು. ನಿಂತಿತು. ಇದೊಂದು ಬಿಟ್ಟುಹೋಗಿದೆಯಲ್ಲಮ್ಮ. ಟಿಕ್ ಟಿಕ್ ನಿಂತಿತು. ಕೇಳಿದರು, ಕೇಳಿಯೇಬಿಟ್ಟರು, ಮೊಳೆ, ಗೋಡೆ, ಬಿಳಿ ಪುಡಿ, ಬಸ್ಸು ಹತ್ತುವವರೆಗೆ ಕಾಯಬಾರದು ಈ ಸಲ, ಬಿಟ್ಟುಹೋಗಿದ್ದಲ್ಲ ಸರ್, ಅವತ್ತು ಕಪ್ಪಾಗ್ಲಿಲ್ಲ. ತನ್ನದೇ ದನಿ, ಸಣ್ಣದು, ಆದರೆ ಹೊರಗೆ ಬಂದಿದೆ, ಕೋಣೆಯಲ್ಲಿ ಇದೆ, ನರ್ಸಮ್ಮ ಒರಗಿದ್ದವರು ನೆಟ್ಟಗಾದರು, ಡಾಕ್ಟರು ನಕ್ಕು ಹುಡುಗಿ ಸ್ವಲ್ಪ ಗಾಬರಿ ಸರ್ ಎಂದರು, ತಪಾಸಣೆಯವರು ಅವಳನ್ನು ನೋಡಿದರು, ಸಿಟ್ಟಿಲ್ಲ, ಅಚ್ಚರಿಯೂ ಇಲ್ಲ, ತಡವಾಗಿ ಶಾಲೆಗೆ ಸೇರಿದ ಮಗುವನ್ನು ನೋಡುವ ಹಾಗೆ ನೋಡಿದರು, ಎಲ್ಲ ತುಂಡುಗಳನ್ನೂ ಒಮ್ಮೆ ನೋಡಿದರು, ನೂರೈವತ್ತೊಂದರದೂ ಒಂದೇ ಕಪ್ಪು, ಅವರಿಗೆ ತಿಳಿಯಿತು, ತಿಳಿದದ್ದು ಅವಳಿಗೆ ಕಂಡಿತು, ಒಂದು ಗಳಿಗೆ ಆ ಒಳ್ಳೆಯ ಮುಖದಲ್ಲಿ ಬಂದು ಹೋಯಿತು. ಅವತ್ತಾಗ್ಲಿಲ್ಲ ಅಂದ್ರೆ ಇವತ್ತಾಗ್ಲಿ ಬಿಡಮ್ಮ, ಒಂದು ಚೂರಿಗೋಸ್ಕರ ಇಡೀ ಕಡತ ವಾಪಸ್ ಕಳಿಸೋಕಾಗುತ್ತಾ. ರಿಜಿಸ್ಟರನ್ನು ತಿರುಗಿಸಿ ಅವಳ ಕಡೆ ಸರಿಸಿದರು, ಬಾಟಲಿಗಳ ಮೇಲೆ ಹೆಸರು ಬರೆಯುವ ಕಪ್ಪು ಮಾರ್ಕರನ್ನು ಅವಳದೇ ಪೆನ್ನಿನ ಡಬ್ಬದಿಂದ ತೆಗೆದು ಪುಟದ ಮೇಲಿಟ್ಟರು, ನೀವೇ ತುಂಬಿ, ನಿಮ್ಮ ಕೈ ಚೆನ್ನಾಗಿದೆ.

ಅಷ್ಟರಲ್ಲಿ ಬಾಗಿಲಲ್ಲಿ ಚಿಕ್ಕಮ್ಮ, ಮಾತು ಕೇಳಿಸಿಕೊಂಡು ಎದ್ದುಬಂದಿದ್ದಾಳೆ, ಯಾವ ತಾರೀಖು ಎಂದಳು, ಮೂರು ತಿಂಗಳ ಹಿಂದಿನ ಹದಿನಾಲ್ಕು ಎಂದು ನರ್ಸಮ್ಮ ಪುಟಕ್ಕೆ ಇಣುಕಿ ಬಾಯಿಜಾರಿ ಹೇಳಿದರು, ಅಂಗಿ ಯಾವ ದಿನ ಕೊಡಬೇಕೆಂದು ಚೀಟಿಯಿಲ್ಲದೆ ನೆನಪಿಟ್ಟುಕೊಂಡೇ ಬದುಕಿದ ಹೆಂಗಸು, ಹದಿನಾಲ್ಕಾ ಪುಟ್ಟಿ, ನನ್ನ ಬೆರಳು ಕೊಯ್ಸಿದ ದಿನ ಅಲ್ವಾ ಅದು. ಆಮೇಲೆ ಡಾಕ್ಟರು, ಎಷ್ಟು ನೆನಪಮ್ಮ ನಿಮ್ಗೆ, ಎಂದರು, ಚಿಕ್ಕಮ್ಮನಿಗೆ ಹಿಗ್ಗಾಯಿತು, ಪುಟ್ಟಿಯ ಹೆಗಲ ಮೇಲಿಂದ ಬಗ್ಗಿದಳು, ಕೊಬ್ಬರಿ ಎಣ್ಣೆಯ ವಾಸನೆ, ಹೊಸ ಬಟ್ಟೆಯ ಗಂಜಿಯ ವಾಸನೆ, ಬಾಲ್ಯವೆಲ್ಲ ಈ ವಾಸನೆಯ ಪಕ್ಕ ಕೂತು ಅಕ್ಷರ ತಿದ್ದಿದ್ದು, ಈಗ ಹೇಳಬಹುದು, ಚಿಕ್ಕಮ್ಮ ನನಗೆ ಗೊತ್ತಿತ್ತು, ಮೂರು ಮಾತು, ನಾಲಗೆಯ ಮೇಲೆ ಬಂದು ಕೂತಿವೆ, ಮುತ್ತಲ್ಲ, ಗುಂಡುಸೂಜಿ, ಚಿಕ್ಕಮ್ಮ ಹೊಲಿಯುವಾಗ ತುಟಿಯಲ್ಲಿ ಕಚ್ಚಿಕೊಳ್ಳುತ್ತಿದ್ದಂಥವು, ಬಾಯಿ ತೆರೆದರೆ ಚುಚ್ಚುತ್ತವೆ, ತೆರೆಯದಿದ್ದರೆ — ಕೈ ಮಾರ್ಕರಿನ ಮುಚ್ಚಳ ತೆಗೆಯಿತು, ಕೈ ಯಾರನ್ನೂ ಕೇಳುವುದಿಲ್ಲ, ಕೈಗೆ ಅಭ್ಯಾಸವಾಗಿದೆ, ಇಲ್ಲಿಯವರೆಗೆ ಸುಳ್ಳು ಹೇಳಿದ್ದು ಕುಕ್ಕರು, ನಾನು ಬರೀ ಅಂಟಿಸಿದೆ ಎನ್ನುವುದೊಂದು ಉಳಿದಿತ್ತು, ಮೊದಲನೆಯ ಗೆರೆ ಮೇಲಿಂದ ಕೆಳಕ್ಕೆ, ಕರ್ರಗೆ, ಅಂಚು ದಾಟದೆ, ಎರಡನೆಯದು, ನೋಡಿ ಸಾರ್ ಎಂದು ಚಿಕ್ಕಮ್ಮ ಹೆಮ್ಮೆಯಿಂದ ಹೇಳುತ್ತಿದ್ದಾಳೆ, ಗೆರೆ ದಾಟಲ್ಲ ನಮ್ಮ ಹುಡುಗಿ, ನನ್ನ ಕೈಯೇ ಬಂದಿದೆ ಇವಳಿಗೆ. ಪುಟ ಅಲುಗಬಾರದೆಂದು, ಹೊಲಿಯುವಾಗ ಬಟ್ಟೆ ಹಿಡಿಯುತ್ತಿದ್ದ ಹಾಗೇ, ಸೆರಗಿನೊಳಗಿಂದ ಬಲಗೈ ತೆಗೆದು ಪುಟದ ಅಂಚನ್ನು ಒತ್ತಿಹಿಡಿದಳು, ಮೋಟು ಹೆಬ್ಬೆರಳು ಆ ತುಂಡಿನ ಪಕ್ಕಕ್ಕೇ ಬಂತು, ಕೆಂಪಗೆ, ನುಣ್ಣಗೆ, ಉಗುರಿಲ್ಲದೆ, ಮಾರ್ಕರಿನ ತುದಿ ಮೂರನೆಯ ಗೆರೆಯ ಮೇಲೆ ನಿಂತಿದೆ, ಮೂರನೆಯದು ಅರ್ಧವೇ ಇದೆ, ಇನ್ನೂ ನಸುಹಳದಿ, ತುಂಬು ಪುಟ್ಟಿ, ನಾನು ಹಿಡ್ಕೊಂಡಿದ್ದೀನಲ್ಲ, ಅರ್ಧ ಗೆರೆ, ಅದರ ಪಕ್ಕ ಅರ್ಧ ಬೆರಳು, ಅರ್ಧ ಗೆರೆ, ಅರ್ಧ